ನಟ್ಟು ಬಿಚ್ಚಿದರೂ ಗುಟ್ಟು ಬಿಚ್ಚದ ಗರಗಸ

ದೊಡ್ಡವರ ಸಂದರ್ಶನಕ್ಕೆ ಹೋದಾಗ ಅವರ ಒಳಗೊಂದು ಹೊರಗೊಂದು ಇರುತ್ತದೆ ಎಂಬ ಅನುಮಾನ ಪತ್ರಕರ್ತರಿಗೆ ಇದ್ದೇ ಇರುತ್ತದೆ. ಈ ಸಲದ ಅತಿಥಿಗೆ ಆ ಸೌಕರ್ಯ ಇರಲಿಲ್ಲ. ಒಳಗಿನದೆಲ್ಲ ಹೊರಗೇ ಹರಡಿಕೊಂಡಿತ್ತು.

ಜಾಗ: ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಅಂಚಿನ ಒಂದು ವರ್ಕ್‌ಶಾಪ್. ಅತಿಥಿ: ಸ್ಟಿಲ್ ಕಂಪನಿಯ ಎಂಎಸ್ 500ಐ ಚೈನ್‌ಸಾ. 79.2 ಸಿಸಿ ಎಂಜಿನ್, 5 ಕಿಲೋವ್ಯಾಟ್ ಶಕ್ತಿ, ಬಾರು (ಚೈನು ಸುತ್ತುವ ಉದ್ದ ಪಟ್ಟಿ) ಮತ್ತು ಚೈನು ಬಿಟ್ಟು 6.2 ಕಿಲೋ ತೂಕ. ಎಲೆಕ್ಟ್ರಾನಿಕ್ ಫ್ಯೂಯಲ್ ಇಂಜೆಕ್ಷನ್ ಇರುವ ಜಗತ್ತಿನ ಮೊದಲ ಚೈನ್‌ಸಾ ಎಂಬ ಬಿರುದು ಹೊತ್ತು 2019ರಲ್ಲಿ ಮಾರುಕಟ್ಟೆಗೆ ಬಂದದ್ದು. ಅದರ ವಿನ್ಯಾಸ ಏನೆಂದು ನೋಡಲು ಮೆಕ್ಯಾನಿಕ್ ಬಿಚ್ಚುತ್ತ ಹೋದ, ನಾವು ಕೇಳುತ್ತ ಹೋದೆವು.

ಪ್ರಶ್ನೆ: ನಮಸ್ಕಾರ. ಮೈಮೇಲಿನ ಕವಚ ಕಳಚಿಟ್ಟು ಮಾತಿಗೆ ಕೂರುವುದು ತಮಗೆ ಮುಜುಗರ ಆಗುತ್ತಿಲ್ಲವೇ?

ಗರಗಸ: ಮುಜುಗರ ಯಾಕೆ ಸ್ವಾಮಿ? ನಿಮ್ಮಲ್ಲಿ ಚುನಾವಣೆಗೆ ನಿಲ್ಲುವವರು ಆಸ್ತಿ ವಿವರ ಸಲ್ಲಿಸುವುದಿಲ್ಲವೇ? ನನ್ನದು ಅದಕ್ಕಿಂತ ಪ್ರಾಮಾಣಿಕ. ಸ್ಕ್ರೂಗಳಲ್ಲಿ ಹೆಚ್ಚಿನವು ಒಂದೇ ಅಳತೆ, ಟಿ27. ಒಂದೇ ಕೀಲಿಗೆ ಇಡೀ ಮೈ ತೆರೆದುಕೊಳ್ಳುತ್ತದೆ. ತೆರೆದ ಮೇಲೆ ಏನಾದರೂ ಅರ್ಥವಾದರೆ ಅದು ನಿಮ್ಮ ಪುಣ್ಯ.

ಪ್ರಶ್ನೆ: ಮೊದಲಿಗೆ ಕುಲಗೋತ್ರ ಹೇಳಿಬಿಡಿ. ಕಾಡಿನವರೇ?

ಗರಗಸ: ಆಸ್ಪತ್ರೆಯವರು. ನಗಬೇಡಿ. ಹದಿನೆಂಟನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಜಾನ್ ಐಟ್ಕನ್, ಜೇಮ್ಸ್ ಜೆಫ್ರಿ ಎಂಬ ವೈದ್ಯರು ಹಲ್ಲಿನ ಸರಪಳಿ ಬಳಸಿದ್ದು ಮೂಳೆ ಕೊಯ್ಯಲು, ಕಷ್ಟದ ಹೆರಿಗೆಯಲ್ಲಿ ದಾರಿ ಅಗಲ ಮಾಡಲು. ಮರದ ಕಡೆ ಬಂದದ್ದು ಆಮೇಲೆ. ನಮ್ಮ ಮೂಲಪುರುಷ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಅಂಗಡಿ ತೆರೆದ. ಆಗಿನ ವಿದ್ಯುತ್ ಗರಗಸ ಎತ್ತಲು ಇಬ್ಬರು ಬೇಕಿತ್ತು. ಈಗ ನನ್ನನ್ನು ಒಬ್ಬನೇ ಎತ್ತುತ್ತಾನೆ. ಉಳಿದವನು ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾನೆ.

ಪ್ರಶ್ನೆ: ಇಂಜೆಕ್ಷನ್ ಅಂತ ಇಷ್ಟು ಜಂಬ ಯಾಕೆ? ನಿಮ್ಮ ಪಕ್ಕದ ಊರಿನ ಗುಟ್‌ಬ್ರೋಡ್ ಕಾರಿಗೆ 1950ರ ದಶಕದ ಆರಂಭದಲ್ಲೇ ಇಂಜೆಕ್ಷನ್ ಬಂದಿತ್ತು. ಅದೂ ಟೂ-ಸ್ಟ್ರೋಕ್ ಎಂಜಿನ್ನೇ.

ಗರಗಸ: ಓದಿಕೊಂಡು ಬಂದಿದ್ದೀರಿ, ಸಂತೋಷ. ಆದರೆ ಆ ಕಾರು ನಾಲ್ಕು ಚಕ್ರದ ಮೇಲೆ ಆರಾಮಾಗಿ ನಿಂತಿರುತ್ತಿತ್ತು. ಪಂಪಿನ ಭಾರ ರಸ್ತೆಯ ಪಾಲಿಗೆ. ನನ್ನನ್ನು ಮನುಷ್ಯ ಹೊತ್ತು ಗುಡ್ಡ ಹತ್ತಬೇಕು, ಓರೆ ಹಿಡಿಯಬೇಕು, ತಲೆಕೆಳಗು ಮಾಡಬೇಕು. ನೂರು ಗ್ರಾಂ ಹೆಚ್ಚಾದರೂ ಸಂಜೆಗೆ ಅವನ ಸೊಂಟ ಲೆಕ್ಕ ಕೇಳುತ್ತದೆ. ಇಂಜೆಕ್ಷನ್ ಕಂಡುಹಿಡಿದದ್ದು ನನ್ನ ಹೆಚ್ಚುಗಾರಿಕೆ ಅಲ್ಲ, ಅದನ್ನು ಭಾರವಾಗದ ಹಾಗೆ ಹೊತ್ತದ್ದು.

(ಮೆಕ್ಯಾನಿಕ್ ಏರ್ ಫಿಲ್ಟರ್ ತೆಗೆದ. ಕಾರ್ಬೊರೇಟರ್ ಇರಬೇಕಾದ ಕಡೆ ಬರೀ ಗಾಳಿ ಬಿಡುವ ಥ್ರಾಟಲ್ ಕವಾಟ. ಟಾರ್ಚ್ ಹಿಡಿದು ಬಗ್ಗಿ ನೋಡಿದ. ಯಾರೋ ಮನೆ ಖಾಲಿ ಮಾಡಿಕೊಂಡು ಹೋದಂತಿತ್ತು.)

ಪ್ರಶ್ನೆ: ಹಾಗಾದರೆ ಪೆಟ್ರೋಲು ಎಲ್ಲಿಂದ ಒಳಗೆ ಹೋಗುತ್ತದೆ? ಸಿಲಿಂಡರಿನ ತಲೆಯ ಮೇಲೂ ಇಂಜೆಕ್ಟರ್ ಕಾಣುತ್ತಿಲ್ಲ.

ಗರಗಸ: ಎಲ್ಲರೂ ತಲೆಯಲ್ಲೇ ಹುಡುಕುತ್ತಾರೆ. ನನ್ನ ಬುದ್ಧಿ ಹೊಟ್ಟೆಯಲ್ಲಿದೆ. ಇಂಜೆಕ್ಟರ್ ಕೂತಿರುವುದು ಸಿಲಿಂಡರಿನ ಕೆಳಗಿನ ಕ್ರ್ಯಾಂಕ್‌ಕೇಸ್‌ನಲ್ಲಿ. ಅಲ್ಲಿನ ಒತ್ತಡ, ಉಷ್ಣತೆಗಳನ್ನು ಸೆನ್ಸರ್ ಅಳೆಯುತ್ತದೆ, ಕಂಟ್ರೋಲ್ ಯೂನಿಟ್ ಲೆಕ್ಕ ಹಾಕಿ ಬೇಕಾದಷ್ಟೇ ಪೆಟ್ರೋಲ್ ಬಿಡಿಸುತ್ತದೆ.

ಪ್ರಶ್ನೆ: ನೇರವಾಗಿ ಸಿಲಿಂಡರಿಗೇ ಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ? ಕಾರುಗಳಲ್ಲಿ ಹಾಗೇ ಮಾಡುತ್ತಾರಲ್ಲ.

ಗರಗಸ: ಕಾರಿಗೆ ಬೇರೆ ಎಣ್ಣೆ ಚೇಂಬರ್ ಇದೆ, ನನಗಿಲ್ಲ. 50 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ ಬೆರೆಸಿ ಕುಡಿಸುತ್ತೀರಿ, ನನ್ನ ಬೇರಿಂಗ್‌ಗೆ ಸಿಗುವ ಎಣ್ಣೆ ಅದೊಂದೇ. ನೇರ ಸಿಲಿಂಡರಿಗೆ ಚಿಮ್ಮಿಸಿದರೆ ಕೆಳಗಿರುವ ಕ್ರ್ಯಾಂಕ್ ಬೇರಿಂಗ್, ಕನೆಕ್ಟಿಂಗ್ ರಾಡ್ ಎಲ್ಲ ಉಪವಾಸ ಬೀಳುತ್ತವೆ. ಅದಕ್ಕೇ ಮೊದಲು ಹೊಟ್ಟೆಗೆ. ಅಲ್ಲಿ ಬೇರಿಂಗ್ ನೆನೆದು, ಕ್ರ್ಯಾಂಕ್ ತಣ್ಣಗಾಗಿ, ಆಮೇಲೆ ಮಿಶ್ರಣ ಮೇಲೇರುತ್ತದೆ. ನನ್ನ ವಿನ್ಯಾಸದಲ್ಲಿ ಅತಿ ಜಾಣತನದ ಜಾಗ ಯಾವುದೆಂದರೆ ಇದೇ, ಅತಿ ಜಾಣತನ ಮಾಡಬಾರದೆಂದು ಬಿಟ್ಟ ಜಾಗ.

ಪ್ರಶ್ನೆ: ಸೆನ್ಸರ್, ಕಂಪ್ಯೂಟರ್ ಎಲ್ಲ ಇದೆ. ಬ್ಯಾಟರಿ ಎಲ್ಲಿ?

ಗರಗಸ: ಇಲ್ಲ. ಹಗ್ಗ ಎಳೆದಾಗ ತಿರುಗುವ ಫ್ಲೈವೀಲೇ ಕರೆಂಟು ಹುಟ್ಟಿಸುತ್ತದೆ. ನೀವು ಎಳೆದ ಆ ಒಂದು ತೋಳಳತೆ ಹಗ್ಗದಲ್ಲಿ ಕಂಪ್ಯೂಟರ್ ಎಚ್ಚರಾಗಬೇಕು, ಸೆನ್ಸರ್ ಓದಬೇಕು, ಇಂಜೆಕ್ಟರ್ ತೆರೆಯಬೇಕು, ಪ್ಲಗ್ ಕಿಡಿ ಹಾರಿಸಬೇಕು. ನಿಮ್ಮ ಕಚೇರಿಗಳಲ್ಲಿ ಸರ್ವರ್ ಡೌನ್ ಅನ್ನುತ್ತಾರಲ್ಲ, ಆ ಮಾತು ಹೇಳಲು ನನಗೆ ಪುರಸೊತ್ತು ಕೊಟ್ಟೇ ಇಲ್ಲ.

(ಮೆಕ್ಯಾನಿಕ್ ಸಣ್ಣ ಸ್ಕ್ರೂ ಡ್ರೈವರ್ ಹಿಡಿದು ಮೈಯೆಲ್ಲ ತಡಕುತ್ತಿದ್ದಾನೆ.)

ಪ್ರಶ್ನೆ: ಆತ ಏನು ಹುಡುಕುತ್ತಿದ್ದಾನೆ?

ಗರಗಸ: ಎಚ್ ಮತ್ತು ಎಲ್ ಸ್ಕ್ರೂ. ಹೈ ಸ್ಪೀಡಿಗೊಂದು, ಲೋ ಸ್ಪೀಡಿಗೊಂದು. ಹಳೇ ಗರಗಸಗಳ ಕಾರ್ಬೊರೇಟರಿನ ಪಕ್ಕ ಇರುತ್ತಿದ್ದವು. ಪಾಪ, ಅಭ್ಯಾಸಬಲ. ನನಗೆ ಆ ಸ್ಕ್ರೂ ಇಲ್ಲ, ಚೋಕ್ ಕೂಡ ಇಲ್ಲ. ಇರುವುದು ಒಂದು ಸ್ಟಾಪ್ ಬಟನ್. ಚಳಿಯಿರಲಿ, ಸೆಕೆಯಿರಲಿ, ಸಮುದ್ರ ಮಟ್ಟದಿಂದ ಬೆಟ್ಟದ ತುದಿಗೆ ಹೋಗಲಿ, ಮಿಶ್ರಣ ನಾನೇ ಸರಿಪಡಿಸಿಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ಟೂ-ಸ್ಟ್ರೋಕ್ ಬೈಕು ಮಾಡಿತು. ಅಲ್ಲಿನ ಯೆಜ್ಡಿ ಬೈಕಿನ ಸದ್ದು ಕೇಳಿಯೇ ‘ಪೆಟ್ರೋಲ್ ಜಾಸ್ತಿ ಹೋಗ್ತಿದೆ’ ಅಂತ ಹೇಳಿ, ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಕಿವಿಗೊಟ್ಟು, ಮತ್ತೆ ಕಾಲು ಸುತ್ತು ವಾಪಸು ತರುವ ಮೆಕ್ಯಾನಿಕ್‌ಗಳಿದ್ದರು. ಅಂಥವರ ಕಿವಿಗೆ ಈಗ ಏನು ಕೆಲಸ?

ಗರಗಸ: ಇಯರ್‌ಫೋನ್ ಹಾಕಿಕೊಳ್ಳಲಿ. ನಾನೊಬ್ಬನೇ ಅಪರಾಧಿಯೇ? 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಬಿಎಸ್-6 ನಿಯಮ ಬಂದಾಗ ನಿಮ್ಮ ಹಳ್ಳಿಹಳ್ಳಿಯ ಸ್ಪ್ಲೆಂಡರ್‌ಗೂ ಇಂಜೆಕ್ಷನ್ ಬಂತಲ್ಲ. ಕಾರ್ಬೊರೇಟರ್ ಅಜ್ಜಿ ಹಾಕುವ ಉಪ್ಪಿನ ಹಾಗೆ, ಕೈಯಳತೆ. ಕೈ ಚೆನ್ನಾಗಿದ್ದರೆ ಅಮೃತ, ಕೈ ಕೆಟ್ಟರೆ ಪಿಸ್ಟನ್ ಸುಟ್ಟು ಕರಕಲು. ಪೆಟ್ರೋಲು ಕಮ್ಮಿ ಮಾಡಿ ಭರ್ರೆಂದು ಓಡಿಸಿ ಸೀಜ್ ಮಾಡಿಕೊಂಡವರ ಸಂಖ್ಯೆ ಕಿವಿ ಚೆನ್ನಾಗಿದ್ದವರ ಸಂಖ್ಯೆಗಿಂತ ದೊಡ್ಡದು. ಅವರನ್ನು ಯಾರೂ ನೆನೆಸಿಕೊಂಡು ಕಣ್ಣೀರು ಹಾಕುವುದಿಲ್ಲ.

ಪ್ರಶ್ನೆ: ಆದರೆ ನೀವು ಕೆಟ್ಟರೆ?

ಗರಗಸ: ಡೀಲರ್ ಹತ್ತಿರ ಕರೆದೊಯ್ಯಿರಿ. ಕೇಬಲ್ ಚುಚ್ಚಿ ಕಂಪ್ಯೂಟರಿನಲ್ಲಿ ನೋಡುತ್ತಾರೆ. ನನ್ನ ಕಷ್ಟ ನಾನು ಮತ್ತೊಂದು ಕಂಪ್ಯೂಟರಿಗೆ ಮಾತ್ರ ಹೇಳಿಕೊಳ್ಳುತ್ತೇನೆ.

ಪ್ರಶ್ನೆ: ಅಂದರೆ ದುಡ್ಡು ಕೊಟ್ಟು ಕೊಂಡ ಮಾಲೀಕನಿಗೆ?

ಗರಗಸ: ಅವನಿಗೆ ಸ್ಟಾಪ್ ಬಟನ್ ಇದೆ ಅಂದೆನಲ್ಲ.

ಪ್ರಶ್ನೆ: ನಮ್ಮಲ್ಲಿ 2022ರಲ್ಲಿ ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’ ಪೋರ್ಟಲ್ ಶುರು ಮಾಡಿದೆ, ಗೊತ್ತೇ?

ಗರಗಸ: ಕೇಳಿದ್ದೇನೆ. ಒಳ್ಳೆಯದೇ. ನನ್ನನ್ನು ಬಿಚ್ಚುವ ಹಕ್ಕನ್ನು ನಾನು ಎಂದೂ ತಡೆದಿಲ್ಲ. ನೋಡಿ, ಈ ಮೇಜಿನ ಮೇಲೆ ಪಿಸ್ಟನ್ ಇದೆ, ಕ್ಲಚ್ ಇದೆ, ಮೆಗ್ನೀಸಿಯಂ ಕ್ರ್ಯಾಂಕ್‌ಕೇಸ್ ಇದೆ, ಅಂಗೈಯಲ್ಲಿ ಹಿಡಿಯುವ ಕಪ್ಪು ಕಂಟ್ರೋಲ್ ಯೂನಿಟ್ಟೂ ಇದೆ. ಅದರೊಳಗೆ ಬರೆದಿಟ್ಟ ಲೆಕ್ಕವನ್ನು ಬಿಚ್ಚಲು ಟಿ27 ಸಾಕಾಗುವುದಿಲ್ಲ, ಅಷ್ಟೇ.

ಪ್ರಶ್ನೆ: ಸೊನ್ನೆಯಿಂದ ಗಂಟೆಗೆ 100 ಕಿಲೋಮೀಟರ್ ಚೈನ್ ವೇಗ ತಲುಪಲು ನಿಮಗೆ 0.25 ಸೆಕೆಂಡ್ ಸಾಕಂತೆ. ಮರವೇನು ಓಡಿಹೋಗುತ್ತದೆಯೇ?

ಗರಗಸ: ಟೊಂಗೆ ಸವರುವವನನ್ನು ಕೇಳಿ. ಒಂದು ಟೊಂಗೆ, ಬಿಡು, ಮತ್ತೊಂದು ಟೊಂಗೆ, ಬಿಡು. ದಿನಕ್ಕೆ ಸಾವಿರ ಸಲ ಗುಂಡಿ ಒತ್ತಿ ಬಿಡುವವನಿಗೆ ಎಂಜಿನ್ ಗುರ್ರೆಂದು ಏರುವವರೆಗೆ ಕಾಯುವ ಸಂಕಟ ಗೊತ್ತು. ಹಗುರ ಫ್ಲೈವೀಲ್ ಇಟ್ಟದ್ದೂ ಅದಕ್ಕೇ. ಕಾರಿನ ಜಾಹೀರಾತಿನ ಹಾಗೆ ಈ ಅಂಕಿಯನ್ನು ಎಲ್ಲ ಕಡೆ ಅಂಟಿಸಿದ್ದು ಮಾರಾಟ ವಿಭಾಗದವರ ಉತ್ಸಾಹ.

ಪ್ರಶ್ನೆ: ಆ ಕಾಲು ಸೆಕೆಂಡಿನಲ್ಲಿ ಮರ ಯಾವುದು, ಮನುಷ್ಯನ ತೊಡೆ ಯಾವುದು ಎಂದು ನಿಮ್ಮ ಸೆನ್ಸರ್‌ಗೆ ತಿಳಿಯುತ್ತದೆಯೇ?

ಗರಗಸ: (ಸ್ವಲ್ಪ ತಡೆದು) ಇಲ್ಲ. ಬಾರಿನ ಮೂತಿಯ ಮೇಲ್ತುದಿ ಮರಕ್ಕೆ ತಗುಲಿದರೆ ನಾನು ಹಿಂದಕ್ಕೆ, ಹಿಡಿದವನ ಮುಖದ ಕಡೆಗೇ ಚಿಮ್ಮುತ್ತೇನೆ. ಅದಕ್ಕೆ ಚೈನ್ ಬ್ರೇಕ್ ಇದೆ. ಇನ್ನು ತೊಡೆಗೆ ಬಂದರೆ ವಿಶೇಷ ಪ್ಯಾಂಟು. ಅದರೊಳಗೆ ಉದ್ದುದ್ದ ನೂಲಿನ ಪದರಗಳಿರುತ್ತವೆ. ಹಲ್ಲು ತಾಗಿದ ಕೂಡಲೇ ನೂಲು ಎಳೆದುಕೊಂಡು ಬಂದು ಸ್ಪ್ರಾಕೆಟ್‌ಗೆ ಸುತ್ತಿಕೊಂಡು ಚೈನನ್ನು ಕಟ್ಟಿಹಾಕುತ್ತದೆ. ನನ್ನ ಸಮಸ್ತ ಎಲೆಕ್ಟ್ರಾನಿಕ್ಸನ್ನು ನಿಲ್ಲಿಸುವ ತಾಕತ್ತು ಇರುವುದು ನೂಲಿಗೆ. ಇದನ್ನು ದಪ್ಪಕ್ಷರದಲ್ಲಿ ಹಾಕಬೇಡಿ.

(ಮೆಕ್ಯಾನಿಕ್ ಎಲ್ಲ ಬಿಚ್ಚಿ ಕೊನೆಗೆ ಚೈನನ್ನು ಬೆಳಕಿಗೆ ಹಿಡಿದ. ಹಲ್ಲಿನ ಅಂಚು ದುಂಡಗಾಗಿ ಹೊಳೆಯುತ್ತಿತ್ತು. ಚೂಪು ಅಂಚು ಹೊಳೆಯುವುದಿಲ್ಲ. ಹೊಳೆದರೆ ಮೊಂಡಾಗಿದೆ ಎಂದೇ ಅರ್ಥ.)

ಪ್ರಶ್ನೆ: ಇದೇನು ಸ್ವಾಮಿ, ಹೊಟ್ಟೆಯಲ್ಲಿ ಕಂಪ್ಯೂಟರ್, ಬಾಯಲ್ಲಿ ಮೊಂಡು ಹಲ್ಲು?

ಗರಗಸ: ಈಗ ಮುಟ್ಟಿದಿರಿ ನೋವಿನ ಜಾಗವನ್ನು. ನನ್ನನ್ನು ಕೊಂಡವನು ಸೆನ್ಸರ್ ಬಗ್ಗೆ ಎರಡು ಗಂಟೆ ಮಾತಾಡುತ್ತಾನೆ, ಅರ ಹಿಡಿದು ಹತ್ತು ನಿಮಿಷ ಕೂರುವುದಿಲ್ಲ. ಈ ಹಲ್ಲಿನ ಕಥೆ ಕೇಳಿ. 1946ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವನು ಮರ ಕೊರೆಯುವ ಹುಳುವನ್ನು ನೋಡಿದ. ಹುಳು ನಾರಿನ ಉದ್ದಕ್ಕೂ ಹೋಗುತ್ತಿತ್ತು, ಅಡ್ಡಕ್ಕೂ ಹೋಗುತ್ತಿತ್ತು. ಅದರ ದವಡೆ ಎಡಕ್ಕೊಂದು ಬಲಕ್ಕೊಂದು ಬಾಗಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿದ. ಇವತ್ತಿಗೂ ನನ್ನ ಬಾಯಲ್ಲಿರುವುದು ಆ ಹುಳುವಿನ ದವಡೆಯೇ.

ಪ್ರಶ್ನೆ: ಅದನ್ನು ಚೂಪು ಮಾಡಲು ಕಂಪ್ಯೂಟರ್ ಇಲ್ಲವೇ?

ಗರಗಸ: 5.2 ಮಿಲಿಮೀಟರಿನ ದುಂಡು ಅರ ಇದೆ, ಕೈ ಇದೆ. ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ದಿಣ್ಣೆ ಕಾಣುತ್ತದಲ್ಲ, ಅದು ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗಿರಬೇಕು. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ತೀರ್ಮಾನಿಸುವುದು ಅದೇ. ಅದನ್ನು ಹೆಚ್ಚು ಅರೆದರೆ ನಾನು ಕುಣಿದಾಡುತ್ತೇನೆ, ಅರೆಯದೇ ಬಿಟ್ಟರೆ ಮರ ಸವರುತ್ತೇನೆ. ಸರಿ ಇದ್ದರೆ ಚಕ್ಕೆ ಬೀಳುತ್ತದೆ, ಮೊಂಡಾದರೆ ಹಿಟ್ಟಿನ ಪುಡಿ. ಹಿಟ್ಟು ಬೀಳುವಾಗ ಮಾಲೀಕ ಏನನ್ನುತ್ತಾನೆ ಗೊತ್ತೇ? ‘ಇಂಜೆಕ್ಷನ್‌ನಲ್ಲಿ ಏನೋ ಪ್ರಾಬ್ಲಂ’ ಅನ್ನುತ್ತಾನೆ. ಇಂಜಿನಿಯರುಗಳು ಅವನಿಂದ ಚೋಕ್ ಕಿತ್ತುಕೊಂಡರು, ಸ್ಕ್ರೂ ಕಿತ್ತುಕೊಂಡರು. ಉಳಿದಿರುವ ವಿದ್ಯೆ ಇದೊಂದು. ಇದನ್ನು ಅವನು ತಾನಾಗಿಯೇ ಬಿಟ್ಟುಕೊಟ್ಟಿದ್ದಾನೆ.

ಪ್ರಶ್ನೆ: ಪರಿಸರದ ವಿಚಾರಕ್ಕೆ ಬರೋಣ. ಇಂಜೆಕ್ಷನ್ ಬಂದ ಮೇಲೆ ತಾವು ಪರಿಶುದ್ಧರೇ?

ಗರಗಸ: ಅಳತೆ ಶುದ್ಧ, ಜಾತಕ ಟೂ-ಸ್ಟ್ರೋಕಿನದು. ಹೊಸ ಮಿಶ್ರಣ ಒಳಗೆ ಬರುವ ಹೊತ್ತಿಗೆ ಹೊಗೆ ಹೋಗುವ ದಾರಿಯೂ ತೆರೆದೇ ಇರುತ್ತದೆ, ಸ್ವಲ್ಪ ಸುಡದೇ ಹೊರಗೆ ಜಾರುತ್ತದೆ. ಇನ್ನು ಬಾರಿಗೆ ಸುರಿಯುವ ಎಣ್ಣೆ ವಾಪಸು ಬರುವುದೇ ಇಲ್ಲ, ಹನಿಹನಿಯೂ ಕಾಡಿನ ನೆಲಕ್ಕೆ. ಅದಕ್ಕೇ ಸಸ್ಯಮೂಲದ ಚೈನ್ ಎಣ್ಣೆ ಬಂದಿದೆ. ಕ್ಯಾಲಿಫೋರ್ನಿಯಾದವರು ಸಣ್ಣ ಪೆಟ್ರೋಲ್ ಎಂಜಿನ್‌ಗಳ ಹೊಸ ಮಾರಾಟಕ್ಕೆ 2024ರಿಂದ ಬಾಗಿಲು ಹಾಕತೊಡಗಿದರು. ಆದರೆ 45 ಸಿಸಿಗಿಂತ ದೊಡ್ಡ ಚೈನ್‌ಸಾಗಳು ಆ ರಾಜ್ಯದ ಕಾನೂನಿನ ಕೈಗೆ ಸಿಗುವುದಿಲ್ಲ, ಒಕ್ಕೂಟದ ಕಾನೂನು ಅಡ್ಡ ನಿಂತಿದೆ. ಸಣ್ಣವರು ಸಿಕ್ಕಿಬಿದ್ದರು, ನಾನು 79.2. ನಿಮ್ಮ ಕಡೆಯೂ ದೊಡ್ಡವರಿಗೆ ಹೀಗೇ ಆಗುತ್ತದೆ ಎಂದು ಕೇಳಿದ್ದೇನೆ.

ಪ್ರಶ್ನೆ: 1983ರಲ್ಲಿ ನಮ್ಮ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ನುಗ್ಗಿ ಮರಗಳನ್ನು ಅಪ್ಪಿಕೊಂಡು ನಿಂತರು, ಅಪ್ಪಿಕೊ ಚಳವಳಿ ಹುಟ್ಟಿತು. ತಮ್ಮೆದುರು ಹಾಗೆ ಯಾರಾದರೂ ನಿಂತರೆ?

ಗರಗಸ: ನನ್ನ ಸೆನ್ಸರ್‌ಗಳೆಲ್ಲ ಒಳಮುಖಿಗಳು. ನನ್ನ ಹೊಟ್ಟೆಯ ಒತ್ತಡ ಎಷ್ಟು, ಬಿಸಿ ಎಷ್ಟು, ಅಷ್ಟೇ ನನಗೆ ಕಾಣುತ್ತದೆ. ಎದುರಿಗಿರುವುದು ಹಲಸೋ, ಬೀಟೆಯೋ, ಅದಕ್ಕೆ ಅನುಮತಿ ಇದೆಯೋ, ಅದು ಯಾವ ಕಡೆ ವಾಲಿದೆಯೋ, ಬಿದ್ದರೆ ಯಾರ ಮನೆಯ ಮೇಲೋ, ಒಂದೂ ಕಾಣದು. ತನ್ನ ಹೊಟ್ಟೆಯನ್ನು ಮಾತ್ರ ಅಷ್ಟು ನಿಖರವಾಗಿ ಬಲ್ಲವನನ್ನು ಸ್ಮಾರ್ಟ್ ಅನ್ನುತ್ತಾರೆ ಎಂದು ನನಗೂ ಈಚೆಗೆ ತಿಳಿಯಿತು.

ಪ್ರಶ್ನೆ: ಕೊನೆಯದಾಗಿ, ನಮ್ಮ ಓದುಗರಿಗೆ ತಮ್ಮ ಸಂದೇಶ?

ಗರಗಸ: ಗಿಡ ನೆಡಿ, ಕಾಡು ಬೆಳೆಸಿ.

ಪ್ರಶ್ನೆ: ತಾವು ಹೇಳುವ ಮಾತೇ ಇದು?

ಗರಗಸ: ನಾನಲ್ಲದೆ ಇನ್ಯಾರು ಹೇಳಬೇಕು? ನಮ್ಮ ಸ್ಯಾಕ್ಸನಿಯ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಷ್ಟು ಹಿಂದೆಯೇ ಪುಸ್ತಕ ಬರೆದ, ಬೆಳೆದಷ್ಟೇ ಕಡಿಯಬೇಕು ಎಂದು. ಅವನೇನು ಸಾಧು-ಸಂತನೆಂದುಕೊಂಡಿರಾ? ಗಣಿ ಅಧಿಕಾರಿ. ಬೆಳ್ಳಿ ಕರಗಿಸಲು ಸೌದೆ ಮುಗಿದುಹೋಗುವ ಭಯ. ನನ್ನದೂ ಅದೇ ಭಯ. ವನಮಹೋತ್ಸವದಲ್ಲಿ ಸಸಿ ಹಿಡಿದು ಫೋಟೊಕ್ಕೆ ನಿಲ್ಲುವವರಿಗೆ ಮರುವರ್ಷ ಅದೇ ಗುಂಡಿ ಸಿಕ್ಕರೂ ನಡೆಯುತ್ತದೆ. ನನಗೆ ಸಸಿ ಮರವಾಗಲೇಬೇಕು, ಇಲ್ಲದಿದ್ದರೆ ಮುಂದಿನ ತಲೆಮಾರಿಗೆ ಉದ್ಯೋಗವಿಲ್ಲ. ಬರೆದುಕೊಂಡಿರಾ? ಸರಿ, ಇನ್ನು ಆ ಹುಡುಗನಿಗೆ ನನ್ನನ್ನು ಜೋಡಿಸಲು ಹೇಳಿ. ಕಂಪ್ಯೂಟರ್ ಕೊನೆಗೆ ಹಾಕಲಿ, ಮೊದಲು ಚೈನಿಗೆ ಅರ ಹಾಕಲಿ.