ಗೋಡೆ ಮೇಲಿನ ಡಬ್ಬಿಯನ್ನು ಬೈಬೇಡಿ

ಥರ್ಮೋಸ್ಟಾಟಿನ ಪರದೆ ಕಪ್ಪಾಯಿತು ಅಂದ ಕೂಡಲೇ ಈ ಶಿಕಾಗೋ ಸುತ್ತಮುತ್ತಲ ನಮ್ಮ ಜನ ಮೊದಲು ಮಾಡುವ ಕೆಲಸ ಏನು ಹೇಳಿ? ಫೋನು ತೆಗೆದು ಹೊಸದೊಂದಕ್ಕೆ ಆರ್ಡರ್ ಹಾಕುವುದು. ಚಳಿಗೆ ಹೆದರಿ ಹಾಗೆ ಮಾಡುತ್ತಾರೆ, ಆ ಹೆದರಿಕೆ ಸುಳ್ಳಲ್ಲ. ಆದರೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಅದು. ತೊಂದರೆ ಕೆಳಗೆ ಬೇಸ್‌ಮೆಂಟಿನಲ್ಲಿ, ಬೈಗುಳ ಮೇಲೆ ಹಾಲಿನ ಗೋಡೆಯ ಡಬ್ಬಿಗೆ. ಪಾಪ, ಅದಕ್ಕೆ ಸ್ವಂತ ಕರೆಂಟು ಅಂತ ಎಲ್ಲಿದೆ? ಫರ್ನೇಸಿನ ಹೊಟ್ಟೆಯೊಳಗೆ ಕೂತ ಪುಟ್ಟ ಟ್ರಾನ್ಸ್‌ಫಾರ್ಮರು 120 ವೋಲ್ಟನ್ನು 24ಕ್ಕೆ ಇಳಿಸಿ ಸಣ್ಣ ತಂತಿಯಲ್ಲಿ ಮೇಲಕ್ಕೆ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬ್ಯಾಟರಿ ಹಾಕುವ ನಮೂನೆಯದಾದರೆ ಮಾತು ಬೇರೆ. ಸೆಲ್ಲು ಬದಲಾಯಿಸಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ‘ಮೊನ್ನೆ ತಾನೇ ಹೊಸದು ಹಾಕಿದ್ದೆ’ ಅನ್ನುವವರ ಡ್ರಾಯರಿನಲ್ಲಿ ಹೊಸದೂ ಹಳೆಯದೂ ಒಟ್ಟಿಗೇ ಉರುಳಾಡುತ್ತಿರುತ್ತವೆ, ಅಲ್ವಾ?

ನಮ್ಮೂರಲ್ಲಿ ಕರೆಂಟು ಹೋದರೆ ಮೊದಲ ಪರೀಕ್ಷೆ ಕಾಂಪೌಂಡಿನ ಮೇಲಿಂದಲೇ ಆಗುತ್ತಿತ್ತು. “ಏನ್ರೀ, ನಿಮ್ಮನೇಲಿ ಇದೆಯಾ?” ಅಂತ ಒಂದು ಕೂಗು. ಆ ಕಡೆಯಿಂದ “ಇಲ್ಲಾರೀ, ಇಡೀ ಬೀದಿಗೇ ಇಲ್ಲ” ಅಂತ ಬಂತೋ, ಎಂಥ ಸಮಾಧಾನ! ಬೀದಿಗೆಲ್ಲ ಹೋಗಿದ್ದರೆ ಲೈನ್‌ಮನ್ ನೋಡಿಕೊಳ್ಳುತ್ತಾನೆ, ನಮ್ಮನೆಗೆ ಮಾತ್ರ ಹೋಗಿದ್ದರೆ ಫ್ಯೂಸು. ಆ ಪರೀಕ್ಷೆಯನ್ನೇ ಇಲ್ಲಿ ಮನೆಯೊಳಗೆ ಮಾಡಬೇಕು, ಅಷ್ಟೆ. ದೀಪ ಉರಿಯುತ್ತಿದೆ, ಫ್ರಿಜ್ಜು ಗುಂಯ್ ಅನ್ನುತ್ತಿದೆ, ಫರ್ನೇಸು ಮಾತ್ರ ಗಪ್‌ಚಿಪ್. ಹಾಗಿದ್ದರೆ ಅದರ ಬ್ರೇಕರ್ ಬಿದ್ದಿದೆಯೋ ನೋಡಿ. ಬಿದ್ದ ಬ್ರೇಕರು ಪೂರ್ತಿ ಬೀಳದೆ ನಡುವಿನಲ್ಲೇ ನಿಂತುಬಿಡುವುದೂ ಉಂಟು. ಮೊದಲು ಪೂರಾ ಆಫ್ ಕಡೆಗೆ ತಳ್ಳಿ, ಆಮೇಲೆ ಆನ್ ಮಾಡಬೇಕು. ಮತ್ತೆ ಬಿದ್ದರೆ ಮುಟ್ಟಲೇ ಬೇಡಿ, ಬಲ್ಲವರನ್ನು ಕರೆಸಿ.

ಫರ್ನೇಸಿನ ಕರೆಂಟಿಗೆಂದೇ ಇನ್ನೊಂದು ಸ್ವಿಚ್ಚಿದೆ, ಅದರ ಪಕ್ಕದಲ್ಲೋ ಮೆಟ್ಟಿಲಿನ ತಲೆಯಲ್ಲೋ. ನೋಡಿದರೆ ದೀಪದ್ದೇ ಅನ್ನಿಸಬೇಕು, ಹಾಗಿರುತ್ತದೆ. ಊರಿಂದ ಬಂದ ಹಿರಿಯರಿಗೆ ಆನ್ ಆಗಿರುವ ಸ್ವಿಚ್ಚು ಕಂಡರೆ ಕೈ ಸುಮ್ಮನಿರುವುದಿಲ್ಲವಲ್ಲ! ‘ಸುಮ್ಮನೆ ಕರೆಂಟು ದಂಡ’ ಅಂತ ಒಂದೊಂದೇ ಆರಿಸಿಕೊಂಡು ಬರುತ್ತಾರೆ. ಆ ಸಾಲಿನಲ್ಲಿ ಇದೂ ಆರುತ್ತದೆ. ಆರಿಸಿದವರದು ಒಳ್ಳೆಯ ಬುದ್ಧಿಯೇ, ಅದರ ಮೇಲೆ ‘ಫರ್ನೇಸ್’ ಅಂತ ಕನ್ನಡದಲ್ಲೇ ಒಂದು ಚೀಟಿ ಅಂಟಿಸಿದರೆ ಮುಗಿಯಿತು.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಫರ್ನೇಸಿನ ಬಾಗಿಲು. ಬ್ಲೋಯರ್ ಇರುವ ಕೆಳಗಿನ ಅಂಕಣಕ್ಕೆ ಒಂದು ತಗಡಿನ ಮುಚ್ಚಳ ಇದೆಯಲ್ಲ, ಅದರ ಹಿಂದೆ ಬೆರಳ ತುದಿಯಷ್ಟು ಗುಂಡಿ ಅಡಗಿದೆ. ಬಾಗಿಲು ಸರಿಯಾಗಿ ಕೂತು ಆ ಗುಂಡಿಯನ್ನು ಅದುಮಿದರೆ ಕರೆಂಟು, ಇಲ್ಲದಿದ್ದರೆ ಎಲ್ಲವೂ ಬಂದ್. ತಿರುಗುವ ಬ್ಲೋಯರಿಗೆ ಯಾರೂ ಕೈ ಹಾಕದಿರಲಿ ಅಂತ ಮಾಡಿದ ವ್ಯವಸ್ಥೆ. ಫಿಲ್ಟರ್ ಬದಲಾಯಿಸಿ ಬಾಗಿಲು ಹಾಕುವಾಗ ಕೆಳಗಿನ ತುಟಿ ಕೂತಿರುತ್ತದೆ, ಮೇಲಿನದು ಕೂದಲೆಳೆಯಷ್ಟು ಹೊರಗೆ. ಕಣ್ಣಿಗೆ ಏನೂ ತೋರದು. ಮೇಲೆ ಬಂದು ನೋಡಿದರೆ ಪರದೆ ಕಪ್ಪು! ಅಂಗೈಯಿಂದ ಬಾಗಿಲಿನ ಮೇಲೊಂದು ಸಣ್ಣ ಗುದ್ದು ಕೊಟ್ಟರೆ ಜೀವ ಬರುತ್ತದೆ. ಇಷ್ಟಕ್ಕೇ ರಿಪೇರಿಯವರನ್ನು ಮನೆತನಕ ಕರೆಸಿ ಹಣ ಕೊಟ್ಟವರು ನಮ್ಮ ಸುತ್ತಲೇ ಎಷ್ಟು ಜನ ಇಲ್ಲ ಹೇಳಿ.

ಬಾಗಿಲು ಸರಿಯಿದೆ ಅನ್ನಿ, ಆಗ ಫ್ಯೂಸು. ಸ್ವಿಚ್ ಆಫ್ ಮಾಡಿ ಬಾಗಿಲು ತೆಗೆದರೆ ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಬಣ್ಣದ ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡೊಂದು ಕಾಣುತ್ತದೆ. ಕಾರಿಗೆ ಹಾಕುವ ಅದೇ ಫ್ಯೂಸು! 3 ಆಂಪಿಯರಿನದು ನೇರಳೆ, 5ರದು ತಿಳಿ ಕಂದು. ಮನೆ ಕಾಯಿಸುವ ಇಷ್ಟು ದೊಡ್ಡ ಯಂತ್ರದ ಪ್ರಾಣ ಕಾರಿನ ಫ್ಯೂಸಿನಲ್ಲಿದೆ ಅಂದರೆ ಯಾರು ನಂಬುತ್ತಾರೆ? ನಡುವಿನ ಎಳೆ ಕಡಿದಿದ್ದರೆ ಬೆಳಕಿಗೆ ಹಿಡಿದಾಗ ಗೊತ್ತಾಗುತ್ತದೆ. ಥರ್ಮೋಸ್ಟಾಟ್ ಬದಲಾಯಿಸುವಾಗ ಕರೆಂಟು ತೆಗೆಯದೆ ಕೆಂಪು ತಂತಿ ನೀಲಿಗೆ ತಾಗಿಸಿದರೆ ಮೊದಲು ಹೋಗುವುದು ಇದೇ. 24 ವೋಲ್ಟು ತಾನೇ, ಏನಾಗುತ್ತೆ ಅನ್ನುತ್ತಾರೆ. ಮನುಷ್ಯನಿಗೆ ಹೆಚ್ಚೇನೂ ಆಗದಿರಬಹುದು, ಫ್ಯೂಸು ಅಲ್ಲೇ ಪ್ರಾಣ ಬಿಡುತ್ತದೆ.

ಫ್ಯೂಸು ಅಂದಾಗ ಊರಿನ ಮೀಟರ್ ಬೋರ್ಡು ನೆನಪಾಗದೆ ಇರುತ್ತದೆಯೇ? ಬಿಳಿ ಪಿಂಗಾಣಿಯ ಕಟ್‌ಔಟು, ಅದರ ಮೇಲೆ ಕಪ್ಪು ಮಸಿ. ನಮ್ಮ ತಂದೆ ಫ್ಯೂಸ್ ವೈರನ್ನು ರಟ್ಟಿನ ತುಂಡಿಗೆ ಸುತ್ತಿ ಬೋರ್ಡಿನ ಮೇಲೇ ಸಿಕ್ಕಿಸಿಡುತ್ತಿದ್ದರು. ಟಾರ್ಚ್ ಹಿಡಿಯುವ ಕೆಲಸ ಮಕ್ಕಳದ್ದು. ಬೆಳಕು ಒಂದಿಷ್ಟು ಅಲುಗಿದರೂ “ಎಲ್ಲಿ ಹಿಡೀತಿದ್ದೀಯೋ?” ಅಂತ ಗದರಿಕೆ. ಕೆಲವು ಮನೆಗಳಲ್ಲಿ ಪದೇ ಪದೇ ಹೋಗುತ್ತದೆಂದು ತಾಮ್ರದ ದಪ್ಪ ತಂತಿ ಸುತ್ತಿಬಿಡುತ್ತಿದ್ದರು. ಅಂಥದ್ದನ್ನು ಕಂಡರೆ ತಂದೆಗೆ ಮೈಯೆಲ್ಲ ಉರಿ. “ಫ್ಯೂಸು ಉಳಿಯುತ್ತೆ, ಮನೆ ಸುಡುತ್ತೆ” ಅನ್ನುತ್ತಿದ್ದರು. ಆ ಮಾತು ಈ ದೇಶದ ಫರ್ನೇಸಿಗೂ ಸಲ್ಲುತ್ತದೆ. 3 ಇದ್ದಲ್ಲಿ 3ನ್ನೇ ಹಾಕಿ, ಅಂಗಡಿಯಲ್ಲಿ 10 ಸಿಕ್ಕಿತೆಂದು 10 ಹಾಕಬೇಡಿ. ಹೊಸದೂ ಸುಟ್ಟರೆ ಎಲ್ಲೋ ತಂತಿಗೆ ತಂತಿ ತಾಗುತ್ತಿದೆ ಅಂತ ಅರ್ಥ. ಹೊರಗಿನ ಎಸಿ ಪೆಟ್ಟಿಗೆಗೆ ಹೋಗುವ ಸಣ್ಣ ತಂತಿಯನ್ನು ಹುಲ್ಲು ಕತ್ತರಿಸುವ ಯಂತ್ರ ಸವರಿರಬಹುದು, ಇಲಿ ಕಡಿದಿರಬಹುದು.

ಬೇಸಿಗೆಯಲ್ಲಿ ನೀರಿನ ಕಾಟ. ಎಸಿ ಮನೆಯ ತೇವವನ್ನೆಲ್ಲ ಹಿಂಡಿ ಸಣ್ಣ ಕೊಳವೆಯಲ್ಲಿ ಹೊರಗೆ ಬಿಡುತ್ತದಲ್ಲ, ಅದರಲ್ಲಿ ಪಾಚಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ನಿಲ್ಲುತ್ತದೆ. ನೀರಿನ ಜೊತೆ ಒಂದು ಪುಟಾಣಿ ತೇಲುಬುರುಡೆ ಮೇಲೇಳುತ್ತದೆ. ತಾರಸಿ ತೊಟ್ಟಿಯಲ್ಲಿ ಇರುವುದಿಲ್ಲವೇ, ಆ ಕುಲದ್ದೇ. ಅದು ಎದ್ದದ್ದೇ ತಡ, ಎಷ್ಟೋ ಮನೆಗಳಲ್ಲಿ ಮೇಲಿನ ಪರದೆಯೂ ಆರಿಹೋಗುತ್ತದೆ, ಸೂರು ಸೋರದಿರಲಿ ಅಂತ. ಕೊಳವೆಯನ್ನು ನೀರೆಳೆಯುವ ವ್ಯಾಕ್ಯೂಮಿನಿಂದ ಎಳೆದು ಒಂದಿಷ್ಟು ವಿನೆಗರ್ ಬಿಟ್ಟರೆ ಸರಿಹೋಗುತ್ತದೆ. ಹೊಸ ನಮೂನೆಯ ಫರ್ನೇಸುಗಳು ಚಳಿಗಾಲದಲ್ಲೂ ನೀರು ಬಿಡುತ್ತವೆ, ಅದನ್ನೂ ಮರೆಯಬಾರದು.

ಹಳೆಯ ದುಂಡು ಥರ್ಮೋಸ್ಟಾಟಿಗೆ ಈ ಪಾಡೇ ಇರಲಿಲ್ಲ. ಹನಿವೆಲ್‌ನವರದು, 1953ರಲ್ಲಿ ಬಂದದ್ದು, ಹೆನ್ರಿ ಡ್ರೆಫಸ್ ರೂಪ ಕೊಟ್ಟದ್ದು. ಒಳಗೆ ಎರಡು ಲೋಹ ಬೆಸೆದ ಒಂದು ಸುರುಳಿ, ಅದರ ತಲೆಯ ಮೇಲೆ ಗಾಜಿನ ಗುಳಿಗೆ, ಗುಳಿಗೆಯೊಳಗೆ ಪಾದರಸ. ಚಳಿಯಾದರೆ ಸುರುಳಿ ವಾಲುತ್ತದೆ, ಪಾದರಸ ಉರುಳಿ ತಂತಿಗಳನ್ನು ಕೂಡಿಸುತ್ತದೆ, ಕೆಳಗೆ ಬೆಂಕಿ ಹತ್ತುತ್ತದೆ. ಪರದೆಯೇ ಇಲ್ಲದ ಮೇಲೆ ಕಪ್ಪಾಗುವುದೇನು? ಅಂಥದ್ದು ನಿಮ್ಮ ಬೇಸ್‌ಮೆಂಟಿನಲ್ಲಿ ಬಿದ್ದಿದ್ದರೆ ಕಸದ ಬುಟ್ಟಿಗೆ ಹಾಕಬೇಡಿ ಮತ್ತೆ, ಪಾದರಸ ವಿಷ. ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆಗೇ ಕೊಡಬೇಕು.

ಕೋಣೆಯ ವಿದ್ಯುತ್ ಥರ್ಮೋಸ್ಟಾಟಿನ ಮೂಲವೂ ನಮ್ಮ ಪಕ್ಕದ್ದೇ, ಗೊತ್ತಾ? ಇಲ್ಲಿಂದ ಉತ್ತರಕ್ಕೆ ವಿಸ್ಕಾನ್ಸಿನ್ನಿನ ವೈಟ್‌ವಾಟರ್‌ನಲ್ಲಿ ವಾರನ್ ಜಾನ್ಸನ್ ಅಂತ ಒಬ್ಬ ಮೇಷ್ಟ್ರು. ಕೋಣೆ ಬೆಚ್ಚಗಿದೆಯೋ ಇಲ್ಲವೋ ಅಂತ ನೋಡಲು ಜವಾನ ಪಾಠದ ನಡುವೆ ಒಳಗೆ ಬರುತ್ತಿದ್ದನಂತೆ. ಪಾಠ ಕೆಡುವುದನ್ನು ಸಹಿಸದೆ ಮೇಷ್ಟ್ರು ಕೂತು ವಿದ್ಯುತ್ ಥರ್ಮೋಸ್ಟಾಟನ್ನೇ ಕಟ್ಟಿದರು. 1883ರಲ್ಲಿ ಪೇಟೆಂಟ್, 1885ರಲ್ಲಿ ಮಿಲ್ವಾಕಿಯಲ್ಲಿ ಕಂಪನಿ. ಪಾಠದ ಮೇಲೆ ಎಂಥ ಪ್ರೀತಿ ಇರಬೇಕು!

ಇಂದಿನ ಜಾಣ ಥರ್ಮೋಸ್ಟಾಟುಗಳಿಗೆ ವೈಫೈ, ಬೆಳಕು ಎಲ್ಲ ಬೇಕು, ಅದಕ್ಕೇ ಸದಾ ಕರೆಂಟೂ ಬೇಕು. ಹೋದ ಕರೆಂಟು ಹಿಂದಿರುಗುವ ದಾರಿ ಸಿ ತಂತಿ, ಸಾಮಾನ್ಯವಾಗಿ ನೀಲಿ. ಹಳೆಯ ಮನೆಗಳಲ್ಲಿ ಅದನ್ನು ಜೋಡಿಸಿಯೇ ಇರುವುದಿಲ್ಲ. ಆಗ ಡಬ್ಬಿ ಬೇರೆ ತಂತಿಗಳಿಂದ ಗುಟುಕು ಗುಟುಕಾಗಿ ಕದ್ದು ಒಳಗಿನ ಬ್ಯಾಟರಿ ತುಂಬಿಸಿಕೊಳ್ಳುತ್ತದೆ, ಸಾಲದಿದ್ದರೆ ಕಣ್ಣು ಮುಚ್ಚುತ್ತದೆ. ಡಬ್ಬಿ ತೆಗೆದು ಗೋಡೆಯೊಳಗೆ ಇಣುಕಿ ನೋಡಿ, ಯಾರಿಗೂ ಬೇಡವಾದ ನೀಲಿ ತಂತಿಯೊಂದು ಸುರುಳಿ ಸುತ್ತಿಕೊಂಡು ಕೂತಿರಲೂಬಹುದು. ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ಕೆಂಪು ತಂತಿ ಕೂರುವ ಆರ್‌ಗೂ ನೀಲಿಯ ಸಿಗೂ ನಡುವೆ 24 ವೋಲ್ಟಿನ ಆಸುಪಾಸು ತೋರಿಸಿಯೂ ಪರದೆ ಬೆಳಗದಿದ್ದರೆ, ಆಗ ಡಬ್ಬಿಯನ್ನು ಬೈಯಿರಿ, ನಾನೂ ದನಿಗೂಡಿಸುತ್ತೇನೆ.

ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, 2019ರ ಜನವರಿ 30 ನೆನಪಿದೆಯಲ್ಲ? ಶಿಕಾಗೋದಲ್ಲಿ ಮೈನಸ್ 23 ಫ್ಯಾರನ್‌ಹೀಟ್, ನಮ್ಮ ಸೆಲ್ಸಿಯಸ್ಸಿನಲ್ಲಿ ಮೈನಸ್ 31ರ ಹತ್ತಿರ. ಅಂಥ ದಿನ ಮಗ ಸೊಸೆ ಕೆಲಸಕ್ಕೆ ಹೋಗಿ, ಊರಿಂದ ಬಂದ ಅಪ್ಪ ಅಮ್ಮ ಇಬ್ಬರೇ ಮನೆಯಲ್ಲಿದ್ದು ಪರದೆ ಕಪ್ಪಾದರೆ? ಅವರು ಫೋನು ಮಾಡುವುದಿಲ್ಲ ಕಣ್ರೀ. ‘ಕೆಲಸದಲ್ಲಿರ್ತಾರೆ, ಯಾಕೆ ತೊಂದರೆ’ ಅಂತ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಮೇಲೆ ಶಾಲು ಹೊದ್ದು ಕೂತುಬಿಡುತ್ತಾರೆ. ಹೆಚ್ಚೆಂದರೆ ಕೈ ಕಾಯಿಸಿಕೊಳ್ಳಲು ಗ್ಯಾಸ್ ಒಲೆ ಹಚ್ಚುತ್ತಾರೆ. ನನಗೆ ಭಯ ಅದೇ. ಕಿಟಕಿ ಬಾಗಿಲೆಲ್ಲ ಮುಚ್ಚಿದ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡು ವಾಸನೆಯಿಲ್ಲದೆ ಬರುತ್ತದೆ. ಒಲೆ ಬೇಡ, ಹೀಟರ್ ಹಚ್ಚಿದರೆ ನೇರ ಗೋಡೆಯ ಪ್ಲಗ್ಗಿಗೇ ಹಚ್ಚಿ, ಎಕ್ಸ್‌ಟೆನ್ಷನ್ ವೈರ್ ಬೇಡ, ಮೊದಲು ನಮಗೆ ಫೋನು ಮಾಡಿ ಅಂತ ಬಂದ ದಿನವೇ ಕೂರಿಸಿಕೊಂಡು ಹೇಳಬೇಕು. ಸಿಂಕಿನ ನಲ್ಲಿಯನ್ನು ಸಣ್ಣಗೆ ಬಿಟ್ಟಿರಿ ಅಂತಲೂ ಹೇಳಬೇಕು, ಇಲ್ಲದಿದ್ದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯುತ್ತದೆ. ನೀರು ಹೀಗೆ ಸುಮ್ಮನೆ ಬಿಡು ಅಂದರೆ ಅಮ್ಮಂದಿರಿಗೆ ಹೊಟ್ಟೆ ಉರಿಯುತ್ತದೆ, ಆದರೂ ಹೇಳಿ.

ನಿಮ್ಮತ್ತೆ ಮಾವ ಬರುವ ತಿಂಗಳು ಬರುತ್ತಾರಲ್ವಾ? ನಾನು ಈಗ ಕಾರಿನ ಬಿಡಿಭಾಗದ ಅಂಗಡಿ ಕಡೆಗೇ ಹೊರಟೆ. ನಿಮ್ಮ ಬೋರ್ಡಿನ ಫ್ಯೂಸಿನ ಮೇಲೆ 3 ಅಂತಿದೆಯೋ 5 ಅಂತಿದೆಯೋ ಒಂದು ಸಲ ಇಳಿದು ನೋಡಿ ಹೇಳಿ, ಅದೇ ತರುತ್ತೇನೆ, ಇಬ್ಬರೂ ಹಂಚಿಕೊಂಡರಾಯಿತು.