ಮುಖ ಅಂಟಿಸಿದ ಅಕ್ಕಿ

ಜನಕೇಂದ್ರಿತ ನಾಯಕತ್ವಕ್ಕೆ ಪರಿಣಾಮಕಾರಿ ಸಂವಹನ ಬೇಕಂತೆ. ಅದನ್ನು ಕಲಿಸಲು ಎಸಿ ಹಾಲ್‌ಗಳಲ್ಲಿ ತರಬೇತಿ. ಮಧ್ಯಾಹ್ನ ಊಟ, ಸಂಜೆ ಸರ್ಟಿಫಿಕೇಟು. ಜನ ಮಾತ್ರ ಅಲ್ಲಿರುವುದಿಲ್ಲ.

ಇಷ್ಟು ಖರ್ಚು ಯಾಕೆ? ಕೊಲ್ಲಾಪುರ ಜಿಲ್ಲೆಯ ಹತ್ತು ವರ್ಷದ ಪೇಪರ್ ಓದಿದರೆ ಸಾಕು.

ಅಲ್ಲಿ ಪಂಚಗಂಗೆ ಇದೆ. ರಾಜಾರಾಮ ಬಂಧಾರದ ಬಳಿ 39 ಅಡಿಗೆ ಎಚ್ಚರಿಕೆ, 43ಕ್ಕೆ ಅಪಾಯ. ಮಳೆಗಾಲದಲ್ಲಿ ಊರಿಗೆ ಊರೇ ಕೇಳುವುದು ಒಂದೇ ಪ್ರಶ್ನೆ: ನೀರು ಎಷ್ಟು ಫೂಟು? ಹೊಳೆ ಸುತ್ತಿ ಬಳಸಿ ಮಾತಾಡುವುದಿಲ್ಲ. 2019ರ ಆಗಸ್ಟ್‌ನಲ್ಲಿ 55 ದಾಟಿತು. ಜನರಿಗೆ ಅರ್ಥವಾಯಿತು. ಮುಂಬೈಗೆ ಆಗಲಿಲ್ಲ.

ಮುಂಬೈಯಿಂದ ಆದೇಶ ಬಂತು. ಪುಕ್ಕಟೆ ಹತ್ತು ಕಿಲೊ ಅಕ್ಕಿ, ಹತ್ತು ಕಿಲೊ ಗೋಧಿ. ಆದರೆ ನೆರೆ ಎರಡು ದಿನವಾದರೂ ನಿಂತಿರಬೇಕು. ಒಂದೂವರೆ ದಿನ ಮುಳುಗಿದವನು ಇನ್ನರ್ಧ ದಿನ ನೀರಲ್ಲೇ ಕೂತು ಅರ್ಹತೆ ಸಂಪಾದಿಸಬೇಕು. ಗೋಧಿ ಬೀಸುವ ಗಿರಣಿಯೂ ಮುಳುಗಿದೆಯಲ್ಲ ಎಂದು ಕೇಳಬೇಡಿ. ಅದು ಬೇರೆ ಇಲಾಖೆ.

ಆಮೇಲೆ ಬಂತು ನಿಜವಾದ ಸಂವಹನ. ಪರಿಹಾರದ ಪ್ಯಾಕೆಟ್ಟಿನ ಒಳಗೆ ಧಾನ್ಯ, ಹೊರಗೆ ಸ್ಟಿಕ್ಕರ್. ಸ್ಟಿಕ್ಕರಿನಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್, ಜೊತೆಗೆ ಇಚಲಕರಂಜಿಯ ಶಾಸಕ ಸುರೇಶ ಹಾಳವಣಕರ. ಹೆದ್ದಾರಿ ಬಂದ್. ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಅಂಥದ್ದರಲ್ಲಿ ಯಾರೋ ಒಬ್ಬ ಕೂತು ಫೋಟೊ ಆರಿಸಿದ್ದಾನೆ. ಯಾರೋ ಪ್ರಿಂಟ್ ಹಾಕಿಸಿದ್ದಾನೆ. ಯಾರೋ ಒಂದೊಂದಾಗಿ ಅಂಟಿಸಿದ್ದಾನೆ. ಇಷ್ಟು ಶ್ರದ್ಧೆ ದೋಣಿ ತರಿಸುವುದರಲ್ಲಿ ಇದ್ದಿದ್ದರೆ!

ದೋಣಿ ಇರಲಿಲ್ಲವೆಂದಲ್ಲ. ಸಚಿವ ಗಿರೀಶ ಮಹಾಜನರು ಒಂದರಲ್ಲಿ ಕೂತು ಕ್ಯಾಮೆರಾಗೆ ನಗುತ್ತ ಕೈ ಬೀಸಿದರು. ಅದೇ ದಿನಗಳಲ್ಲಿ ಪಕ್ಕದ ಸಾಂಗ್ಲಿಯ ಬ್ರಹ್ಮನಾಳದಲ್ಲಿ ಇನ್ನೊಂದು ದೋಣಿ ಮಗುಚಿ ಜನ ಸತ್ತರು. ಸಂತ್ರಸ್ತನೊಬ್ಬ ಎದ್ದು ದೂರು ಹೇಳಿದ್ದಕ್ಕೆ ಸಚಿವ ಚಂದ್ರಕಾಂತ ಪಾಟೀಲರು ಗದರಿ ಬಾಯಿ ಮುಚ್ಚಿಸಿದರು. ಎರಡೂ ವಿಡಿಯೊ ಊರೆಲ್ಲ ಓಡಾಡಿದವು. ಒಬ್ಬರು ನಗುವುದನ್ನು ಕಲಿತಿದ್ದರು, ಇನ್ನೊಬ್ಬರು ಗದರುವುದನ್ನು. ಕೇಳಿಸಿಕೊಳ್ಳುವ ಪಾಠದ ದಿನ ಇಬ್ಬರೂ ಗೈರುಹಾಜರು.

ನೀರು ಇಳಿಯಿತು. ತಪ್ಪು ಯಾರದು? ಕರ್ನಾಟಕದ ಆಲಮಟ್ಟಿ ಅಣೆಕಟ್ಟಿನದು! ಮಹಾರಾಷ್ಟ್ರ ಸರ್ಕಾರ ತಾನೇ ವಡನೇರೆ ಸಮಿತಿ ನೇಮಿಸಿತು. ಸಮಿತಿ ಹೇಳಿತು: ಆಲಮಟ್ಟಿಯಿಂದಲ್ಲ, ವಿಪರೀತ ಮಳೆ, ನದಿಪಾತ್ರದ ಒತ್ತುವರಿ. ವರದಿ ಕಪಾಟು ಸೇರಿತು, ಭಾಷಣದಲ್ಲಿ ಆಲಮಟ್ಟಿ ಹಾಗೇ ಉಳಿಯಿತು. ಒತ್ತುವರಿ ಮಾಡಿದವನಿಗೆ ಅಲ್ಲೇ ಮತವಿದೆ, ಆಲಮಟ್ಟಿಗಿಲ್ಲ. ನಮ್ಮವರೇನು ಕಡಿಮೆಯೇ? ಅಲ್ಲಿಂದ ಒಂದು ಹೇಳಿಕೆ ಬಂದರೆ ಬೆಂಗಳೂರಿನಲ್ಲಿ ಮೈಕು ರೆಡಿ. ಅದೇ ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆಯಲ್ಲಿ ಕನ್ನಡದ ರೈತನೂ ಮರಾಠಿ ವ್ಯಾಪಾರಿಯೂ ಎರಡೂ ಭಾಷೆಯಲ್ಲಿ ಜಗಳಾಡಿ, ದರ ಮುಗಿಸಿ, ಚಹಾ ಕುಡಿದು ಹೋಗುತ್ತಾರೆ. ಅವರಿಗೆ ಯಾರೂ ತರಬೇತಿ ಕೊಟ್ಟಿಲ್ಲ.

ಚಹಾ ಅಂದಾಗ ನೆನಪಾಯಿತು. ಗಂಗಾರಾಮ ಕಾಂಬಳೆ ಎಂಬ ದಲಿತ ನೌಕರ ನೀರು ಮುಟ್ಟಿದ್ದಕ್ಕೆ ಮೇಲ್ಜಾತಿಯವರಿಂದ ಏಟು ತಿಂದ. ಸಂಸ್ಥಾನದ ಅರಸ ಶಾಹೂ ಮಹಾರಾಜರು ಅವನಿಗೆ ದುಡ್ಡು ಕೊಟ್ಟು ಕೊಲ್ಲಾಪುರದ ಪೇಟೆಯಲ್ಲೇ ಚಹಾದಂಗಡಿ ಹಾಕಿಸಿದರು. ಯಾರೂ ಬರಲಿಲ್ಲ. ಮಹಾರಾಜರು ಭಾಷಣ ಮಾಡಲಿಲ್ಲ. ಸಾರೋಟು ನಿಲ್ಲಿಸಿ, ಚಹಾ ತರಿಸಿ, ತಾವು ಕುಡಿದರು. ಜೊತೆಗಿದ್ದ ಮೇಲ್ಜಾತಿಯವರಿಗೂ ಕುಡಿಸಿದರು. ರಾಜನ ಎದುರು ಒಲ್ಲೆ ಅನ್ನುವವರು ಯಾರು? ಕಪ್ಪಿನ ಮೇಲೆ ಅವರ ಮುಖವಿರಲಿಲ್ಲ. ಈ ಮನುಷ್ಯ 1902ರಲ್ಲೇ ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ಅರ್ಧದಷ್ಟು ಮೀಸಲಾತಿ ತಂದವರು. ಪ್ರತಿವರ್ಷ ಜೂನ್ 26ಕ್ಕೆ, ಅವರ ಜಯಂತಿಗೆ, ಎಲ್ಲ ಪಕ್ಷದ ಸಾಹೇಬರೂ ಸಾಲಾಗಿ ಬಂದು ಹಾರ ಹಾಕುತ್ತಾರೆ. ಫೋಟೊ ಸರಿ ಬರದಿದ್ದರೆ ಇನ್ನೊಮ್ಮೆ ಹಾಕುತ್ತಾರೆ.

ಮತ್ತೆ ಸ್ಟಿಕ್ಕರಿನ ಇಚಲಕರಂಜಿಗೆ ಬನ್ನಿ. 2019ರ ಅಕ್ಟೋಬರಿನಲ್ಲಿ ಜನ ಬಿಜೆಪಿಯ ಹಾಳವಣಕರರನ್ನು ಸೋಲಿಸಿ ಪಕ್ಷೇತರ ಪ್ರಕಾಶ ಆವಾಡೆಯವರನ್ನು ಗೆಲ್ಲಿಸಿದರು. ಆವಾಡೆಯವರು ಹೋಗಿ ಬಿಜೆಪಿಗೇ ಬೆಂಬಲ ಕೊಟ್ಟರು. 2024ರಲ್ಲಿ ಮಗ ರಾಹುಲ್ ಬಿಜೆಪಿಯಿಂದಲೇ ಶಾಸಕ. ಮತದಾರ ಹೇಳಿದ್ದೇನು, ಇವರಿಗೆ ಕೇಳಿಸಿದ್ದೇನು!

ಕೇಳಿಸುವ ಹಾಗೆ ಹೇಳುವುದು ಹೇಗೆಂದು ಜನ 2025ರಲ್ಲಿ ಕಂಡುಕೊಂಡರು. ಶಿರೋಳ ತಾಲ್ಲೂಕಿನ ನಾಂದಣಿ ಜೈನ ಮಠದ ಆನೆ ಮಹಾದೇವಿಯನ್ನು ಕೋರ್ಟ್ ಆದೇಶದ ಮೇಲೆ ಅಂಬಾನಿಗಳ ಪ್ರಾಣಿಧಾಮ ವನತಾರಾಕ್ಕೆ ಸಾಗಿಸಿದರು. ಜನ ಮೌನ ಮೆರವಣಿಗೆ ನಡೆದರು. ಅಷ್ಟಕ್ಕೇ ನಿಲ್ಲದೆ ಅದೇ ಅಂಬಾನಿಗಳ ಜಿಯೊ ಸಿಮ್ ಬೇರೆ ಕಂಪನಿಗೆ ಬದಲಿಸತೊಡಗಿದರು. ನೋಡಿ ಆಗ! ಎಲ್ಲ ಪಕ್ಷದ ಸಾಹೇಬರಿಗೂ ಒಮ್ಮೆಲೇ ಆನೆಯ ಮೇಲೆ ಪ್ರೀತಿ ಉಕ್ಕಿತು. ಮುಖ್ಯಮಂತ್ರಿ ಸಭೆ ಕರೆದರು. ವನತಾರಾದವರೇ ಕೊಲ್ಲಾಪುರಕ್ಕೆ ಓಡಿ ಬಂದರು. ವರ್ಷಗಟ್ಟಲೆ ಅರ್ಜಿ ಬರೆದರೂ ಕಾಣದ ವೇಗ.

ಅತ್ತ ಇಚಲಕರಂಜಿಯಲ್ಲಿ ಮಗ್ಗಗಳು ಓಡುತ್ತಲೇ ಇವೆ. 2022ರಲ್ಲಿ ಊರು ಮಹಾನಗರಪಾಲಿಕೆಯೂ ಆಯಿತು. ಪಂಚಗಂಗೆ ಪಕ್ಕದಲ್ಲೇ ಹರಿಯುತ್ತದೆ, ಬಣ್ಣದ ಕೊಳೆ ಹೊತ್ತು. ದೂಧಗಂಗೆಯಿಂದ ನೀರು ತರುವ ಸುಳಕೂಡ ಯೋಜನೆಗೆ ಕಾಗಲ ಕಡೆಯವರ ವಿರೋಧ. ಇಲ್ಲಿನ ಸಾಹೇಬರು ತಂದೇ ತರುತ್ತೇವೆ ಅನ್ನುತ್ತಾರೆ, ಅಲ್ಲಿನ ಸಾಹೇಬರು ಬಿಟ್ಟರೆ ತಾನೇ ಅನ್ನುತ್ತಾರೆ. ಇಬ್ಬರ ಸಂವಹನವೂ ಪರಿಣಾಮಕಾರಿ. ನಲ್ಲಿಯೊಂದೇ ಮಾತಾಡುತ್ತಿಲ್ಲ.

ಕುಡಿಯುವ ನೀರಿಗಾಗಿ ಯಾವ ಕಂಪನಿಯ ಸಿಮ್ ಬದಲಿಸಬೇಕು, ಯಾರಾದರೂ ಸಾಹೇಬರು ತಿಳಿಸಿದರೆ ಉಪಕಾರ.