ರಾತ್ರಿಯ ಬಣ್ಣ

"ಯಾನ್ ನೋಡ್ಲತ್ತೀರಿ ಅಷ್ಟೊತ್ತಿಂದ?" ಬೇಲಿಯಾಚೆ ಸೊಪ್ಪು ಸೋಸುತ್ತಿದ್ದ ಪಕ್ಕದ ಮನೆಯ ಅಕ್ಕ ಕೇಳಿದರು. ಮೊಬೈಲನ್ನೇ ಬೇಲಿ ದಾಟಿಸಿದೆ.

"ಚಿತ್ರ ಅಕ್ಕಾ. ಅಮೆರಿಕದ ಆರ್ಚಿಬಾಲ್ಡ್ ಮೋಟ್ಲಿ 1943ರಲ್ಲಿ ಬರೆದದ್ದು. ಹೆಸರು 'ನೈಟ್‌ಲೈಫ್'. ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ."

"ರಾತ್ರಿ ಅಂತೀರಿ, ಕತ್ತಲಿನೇ ಇಲ್ಲಲ್ರಿ ಇದರಾಗ!"

ನನ್ನನ್ನೂ ಹಿಡಿದು ನಿಲ್ಲಿಸಿದ್ದು ಅದೇ. ಬಿದರಿ ಪಾತ್ರೆ ಕಂಡು ಬೆಳೆದ ನಮಗೆ ರಾತ್ರಿ ಅಂದರೆ ಕಪ್ಪಿನ ಮೇಲೆ ಬೆಳ್ಳಿ ಗೆರೆ. ಮೋಟ್ಲಿಯ ರಾತ್ರಿಗೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಗಡಿಯಾರದಲ್ಲಿ ಒಂದು ಗಂಟೆ. ಯಾರಿಗೂ ಮನೆಯ ನೆನಪಿಲ್ಲ. ಬಾರಿನಲ್ಲಿ ಬಡಿಸುವವರಿಗೆ ಬಿಡುವಿಲ್ಲ, ಬಲಗಡೆ ಹಾಡಿನ ಪೆಟ್ಟಿಗೆ, ಹಿಂದೆ ಜೋಡಿಗಳ ಕುಣಿತ. ಮೈಗಳು ಓರೆಯಾಗಿ ವಾಲಿವೆ. ಆ ಓರೆಯಲ್ಲೇ ತಾಳ ಕೇಳಿಸುತ್ತದೆ.

1942ರಲ್ಲಿ ಎಡ್ವರ್ಡ್ ಹಾಪರ್ 'ನೈಟ್‌ಹಾಕ್ಸ್' ಬರೆದಿದ್ದ: ಗಾಜಿನಾಚೆ ನಾಲ್ಕೇ ಜನ, ಬೀದಿಯೆಲ್ಲ ಖಾಲಿ. ಅದನ್ನೂ ಇದೇ ಸಂಸ್ಥೆ ಕೊಂಡಿತು. ಅದರಿಂದ ಪ್ರೇರಣೆ ಪಡೆದ ಮೋಟ್ಲಿ, ಷಿಕಾಗೋದ ಕಪ್ಪು ಜನರ ಬಡಾವಣೆ ಬ್ರಾಂಝ್‌ವಿಲ್‌ನ ಒಂದು ಕೋಣೆಯನ್ನು ತುಂಬಿಸಿಬಿಟ್ಟ. ಒಂಟಿತನಕ್ಕೆ ಜನಜಂಗುಳಿಯೇ ಅವನ ಉತ್ತರ.

ಅಕ್ಕ ಇನ್ನೊಮ್ಮೆ ನೋಡಿದರು. "ಮೊಹರಂದಾಗ ನಮ್ಮ ಅಲಾಯಿ ಕುಣಿ ಸುತ್ತ ಹೆಜ್ಜಿ ಹಾಕ್ತಾರಲ್ಲ, ಹಾಂಗೇ ಅದಾ. ಕೆಂಡದ ಬೆಳಕಿನಾಗ ಎಲ್ಲರ ಮಾರಿನೂ ಒಂದೇ ಬಣ್ಣ."

ಎಂಥ ಮಾತು! ಅಲ್ಲಿ ಮೋಜಿನ ರಾತ್ರಿ, ಇಲ್ಲಿ ಕರ್ಬಲಾದ ದುಃಖ ನೆನೆಯುವ ರಾತ್ರಿ, ಎರಡೂ ಒಂದಲ್ಲ. ಆದರೆ ಹಲಗಿ ಬಡಿತಕ್ಕೆ ಹಿಂದೂ ಮುಸ್ಲಿಮರೆನ್ನದೆ ಆ ಬೆಂಕಿಯ ಕುಣಿಯನ್ನು ಸುತ್ತುವಾಗ, ಕರ್ಬಲಾದ ಕಥೆ ಹಾಡುವ ರಿವಾಯತ್ ಪದ ಏಳುವಾಗ, ನಮ್ಮ ಕತ್ತಲೂ ಕಪ್ಪಾಗಿ ಉಳಿಯುವುದಿಲ್ಲ. ರಾತ್ರಿಗೆ ಬಣ್ಣ ಕೊಡುವವರು ಕೂಡಿದ ಜನ.

ಆ ಕುಣಿತವನ್ನು ಚಿತ್ರದಲ್ಲಿ ಹಿಡಿಯಲು ಕಣ್ಣೊಂದೇ ಸಾಲದು. ಉಡುಪಿ ಬಳಿಯ ಕಟ್ಟಿಂಗೇರಿಯ ಚಿತ್ರಕಾರ ಕೆ. ಕೆ. ಹೆಬ್ಬಾರರು ಲಯ ತಿಳಿಯಲೆಂದೇ ಕಥಕ್ ಕಲಿತರು. ಹೆಜ್ಜೆ ಕಾಲಿಗಿಳಿದ ಮೇಲೆ ಗೆರೆ ಕೈಗೆ ಬಂತು. ಅವರ ರೇಖೆಗಳನ್ನು ಜನ ಹಾಡುವ ರೇಖೆಗಳೆಂದರು. ಅಲಾಯಿ ಹೆಜ್ಜೆಯಂತೂ ನಮ್ಮ ಮಕ್ಕಳ ಕಾಲಿಗೆ ಆಗಲೇ ಬಂದಿದೆ.

"ನಮ್ಮ ಹುಡುಗಿ ಬಾಳ ಛಲೋ ಬರೀತಾಳ್ರಿ, ಆದ್ರ ಬರೇ ಗುಡ್ಡ, ಸೂರ್ಯ" ಎಂದರು ಅಕ್ಕ.

ಈ ಸಲ ಮೊಹರಮ್ಮಿಗೆ ಅವಳ ಕೈಗೆ ಹಾಳೆ, ಬಣ್ಣ ಕೊಟ್ಟು ಕುಣಿಯ ಹತ್ತಿರ ಕೂಡಿಸಿರಿ ಅಕ್ಕಾ. ನಮ್ಮೂರು ಮನ್ನಳ್ಳಿಯ ರಾತ್ರಿಯನ್ನು ಮನ್ನಳ್ಳಿಯವರೇ ಬರೆಯಬೇಕು.